ಹಕೀಕತ್ತಿನ ದಾರಿ: ಅಲ್‌ಬಿರೂನಿಯವರಿಂದ ವರದಿ ಬರೆಯಲು ಕಲಿಯೋಣ

ಪರೀಕ್ಷೆ ಹತ್ತಿರವಾಗುತ್ತಿದ್ದಂತೆ ಕಾಲೇಜುಗಳ ಎದುರಿನ ಜೆರಾಕ್ಸ್ ಅಂಗಡಿಗಳಲ್ಲಿ ನೂಕುನುಗ್ಗಲು ಶುರುವಾಗುತ್ತದೆ. ಪ್ರಾಜೆಕ್ಟ್ ವರದಿಗಳಿಗೆ ಸ್ಪೈರಲ್ ಬೈಂಡಿಂಗ್ ಮಾಡಿಸುವ ಕಾಲ ಅದು. ಹಿಂದಿನ ವರ್ಷದವರ ವರದಿಗೆ ಹೊಸ ಮುಖಪುಟ ಹಾಕಿಸುವವರಿದ್ದಾರೆ. ಅಂತರ್ಜಾಲದಿಂದ ಇಳಿಸಿದ ಪುಟಗಳನ್ನು ಹಾಗೆಯೇ ಜೋಡಿಸುವವರಿದ್ದಾರೆ. ಕಂಪ್ಯೂಟರ್ ಬರೆದುಕೊಟ್ಟದ್ದನ್ನು ಒಮ್ಮೆಯೂ ಓದದೆ ಸಲ್ಲಿಸುವವರೂ ಈಗ ಇದ್ದಾರೆ.

ಇವರೆಲ್ಲರನ್ನೂ ಸೋಮಾರಿಗಳೆಂದು ಬೈದುಬಿಡುವುದು ಸುಲಭ, ಆದರೆ ನ್ಯಾಯವಲ್ಲ. ನಮ್ಮ ಎಷ್ಟೋ ಮಕ್ಕಳು ತಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ವರದಿಗೆ ಪೀಠಿಕೆ ಏಕೆ, ಅಧ್ಯಾಯ ಏಕೆ, ಆಕರಸೂಚಿ ಏಕೆ ಎಂದು ಅವರಿಗೆ ಯಾರೂ ಕೂರಿಸಿಕೊಂಡು ಹೇಳಿರುವುದಿಲ್ಲ. ಅಕ್ಷರದ ಗಾತ್ರ, ಮಾರ್ಜಿನ್, ಬಣ್ಣದ ಮುಖಪುಟ ಇಷ್ಟೇ ವರದಿಯ ಸ್ವರೂಪ ಎಂದು ಅವರು ತಿಳಿದರೆ ತಪ್ಪು ಅವರೊಬ್ಬರದೇ ಅಲ್ಲ. ಆ ಸ್ವರೂಪದ ಹಿಂದಿರುವ ಕಾರಣವನ್ನು ಅರಿಯಲು ಸಾವಿರ ವರ್ಷ ಹಿಂದಿನ ಒಂದು ಗ್ರಂಥ ನಮಗೆ ನೆರವಾಗುತ್ತದೆ.

ದೂರಿನಿಂದ ಹುಟ್ಟಿದ ಗ್ರಂಥ

ಶಾಲೆಯ ಪಠ್ಯಗಳಲ್ಲಿ ಅಲ್ಬೆರೂನಿ ಎಂದು ಪರಿಚಿತರಾಗಿರುವ ಅಬೂ ರೈಹಾನ್ ಅಲ್‌ಬಿರೂನಿಯವರು 973ರಲ್ಲಿ ಮಧ್ಯ ಏಷ್ಯಾದ ಖ್ವಾರಿಜ್ಮ್‌ನಲ್ಲಿ ಜನಿಸಿದರು. 1017ರಲ್ಲಿ ಆ ನಾಡು ಘಜ್ನಿಯ ಮಹಮೂದನ ವಶವಾದಾಗ ಅವರನ್ನು ಘಜ್ನಿಗೆ ಕರೆದೊಯ್ಯಲಾಯಿತು. ತಾವಾಗಿ ಆರಿಸಿಕೊಳ್ಳದ ಈ ವಾಸವನ್ನು ಅವರು ವಿದ್ಯೆಗೆ ಬಳಸಿಕೊಂಡರು. ಸಂಸ್ಕೃತ ಕಲಿತರು, ಪಂಡಿತರೊಡನೆ ಕುಳಿತು ಗ್ರಂಥಗಳನ್ನು ಓದಿದರು. 1030ರ ಸುಮಾರಿಗೆ ಭಾರತದ ಕುರಿತ ತಮ್ಮ ಪ್ರಸಿದ್ಧ ಅರಬಿ ಗ್ರಂಥವನ್ನು ಮುಗಿಸಿದರು. ಜರ್ಮನಿಯ ವಿದ್ವಾಂಸ ಎಡ್ವರ್ಡ್ ಸಖಾವ್ ಇದರ ಅರಬಿ ಪಾಠವನ್ನು 1887ರಲ್ಲಿಯೂ ಇಂಗ್ಲಿಷ್ ಅನುವಾದವನ್ನು 1888ರಲ್ಲಿಯೂ ಪ್ರಕಟಿಸಿದರು.

ಈ ಗ್ರಂಥ ಹುಟ್ಟಿದ ಬಗೆಯನ್ನು ಅಲ್‌ಬಿರೂನಿಯವರೇ ಪೀಠಿಕೆಯಲ್ಲಿ ತಿಳಿಸಿದ್ದಾರೆ. ಅಬೂ ಸಹ್ಲ್ ಅತ್ತಿಫ್ಲೀಸಿ ಎಂಬ ವಿದ್ವಾಂಸರು ಒಂದು ಪುಸ್ತಕ ಓದುತ್ತಿದ್ದಾಗ, ಮುಅತಜಿಲಾ ಪಂಥದವರ ಅಭಿಪ್ರಾಯವನ್ನು ಅದರಲ್ಲಿ ತಿರುಚಿ ಬರೆದಿರುವುದನ್ನು ಗಮನಿಸಿ ಬೇಸರಪಟ್ಟರು. ಒಂದೇ ಧರ್ಮದೊಳಗಿನ ಪಂಥಗಳ ವಿಷಯದಲ್ಲೇ ಹೀಗಾದರೆ, ಬೇರೆ ಧರ್ಮದವರ ಕುರಿತ ಬರಹಗಳ ಗತಿಯೇನು? ಮಾತು ಹಿಂದೂಗಳ ಕಡೆಗೆ ತಿರುಗಿತು. ಅವರ ಬಗ್ಗೆ ಇರುವ ಬರಹಗಳೆಲ್ಲ ಒಬ್ಬರಿಂದೊಬ್ಬರು ಎತ್ತಿಕೊಂಡ, ಯಾರೂ ಪರೀಕ್ಷಿಸದ ಮಾತುಗಳೆಂದು ಅಲ್‌ಬಿರೂನಿ ಹೇಳಿದರು. ಹಾಗಾದರೆ ಸರಿಯಾದುದನ್ನು ನೀವೇ ಬರೆಯಿರಿ ಎಂದು ಅಬೂ ಸಹ್ಲ್ ಒತ್ತಾಯಿಸಿದರು.

ಇಲ್ಲಿ ಅಲ್‌ಬಿರೂನಿಯವರು ಅಲ್ ಈರಾನ್‌ಶಹ್ರಿ ಎಂಬ ಲೇಖಕರನ್ನು ಹೆಸರಿಸುತ್ತಾರೆ. ಯಹೂದಿ, ಕ್ರೈಸ್ತ ಧರ್ಮಗಳ ಕುರಿತು ಅವರು ನಿಷ್ಪಕ್ಷವಾಗಿ ಬರೆದರೆಂದು ಮೆಚ್ಚುತ್ತಾರೆ. ಆದರೆ ಹಿಂದೂ, ಬೌದ್ಧರ ವಿಷಯಕ್ಕೆ ಬಂದಾಗ ಅವರು ಜುರ್ಖಾನ್ ಎಂಬವರ ಪುಸ್ತಕದಲ್ಲಿದ್ದುದನ್ನೇ ತಮ್ಮ ಗ್ರಂಥಕ್ಕೆ ಸೇರಿಸಿಕೊಂಡು ದಾರಿ ತಪ್ಪಿದರು ಎನ್ನುತ್ತಾರೆ. ನೋಡಿ, ಇಂದಿನ ಕಾಪಿ-ಪೇಸ್ಟ್ ರೋಗಕ್ಕೂ ಸಾವಿರ ವರ್ಷಗಳ ವಯಸ್ಸಾಗಿದೆ. ಒಳ್ಳೆಯ ವಿದ್ವಾಂಸರೂ ಪರೀಕ್ಷಿಸದೆ ಎತ್ತಿಕೊಂಡಾಗ ಎಡವಿದ್ದಾರೆ.

ಅಧ್ಯಾಯಕ್ಕೊಂದು ಕ್ರಮ

ಗ್ರಂಥದಲ್ಲಿ 80 ಅಧ್ಯಾಯಗಳಿವೆ. ಪೀಠಿಕೆಯಲ್ಲಿ ಉದ್ದೇಶ ಸ್ಪಷ್ಟವಾಗಿದೆ: ಇದು ವಾದ ಗೆಲ್ಲಲು ಬರೆದ ಪುಸ್ತಕವಲ್ಲ, ಇದ್ದುದನ್ನು ಇದ್ದ ಹಾಗೆ ಮುಂದಿಡುವ ಪುಸ್ತಕ. ಮೊದಲ ಅಧ್ಯಾಯದಲ್ಲಿ ತಮ್ಮ ಅಧ್ಯಯನಕ್ಕೆ ಎದುರಾದ ಅಡ್ಡಿಗಳನ್ನು ಪಟ್ಟಿ ಮಾಡುತ್ತಾರೆ. ಭಾಷೆಯ ಕಷ್ಟ, ಪ್ರತಿ ಮಾಡುವವರ ಅಜಾಗ್ರತೆಯಿಂದ ಕೆಟ್ಟ ಪಾಠಗಳು, ಆಚಾರಗಳ ಅಂತರ ಎಲ್ಲವೂ ಅಲ್ಲಿವೆ. ಮಹಮೂದನ ದಾಳಿಗಳಿಂದ ಜನರ ಮನಸ್ಸಿನಲ್ಲಿ ಬೆಳೆದ ದ್ವೇಷವನ್ನೂ ಅವರು ಮುಚ್ಚಿಡಲಿಲ್ಲ. ಆ ಮಹಮೂದನ ರಾಜಧಾನಿಯಲ್ಲೇ ಕುಳಿತು ಬರೆದ ಮಾತಿದು ಎಂಬುದನ್ನು ಮರೆಯಬಾರದು. ಪಾರಿಭಾಷಿಕ ಪದಗಳು ಮೊದಲ ಬಾರಿ ಬಂದಾಗ ಅವನ್ನು ಹೇಗೆ ವಿವರಿಸುತ್ತೇನೆ ಎಂಬ ನಿಯಮವನ್ನೂ ಅಲ್ಲೇ ಹೇಳಿದ್ದಾರೆ.

ಸಾಮಾನ್ಯವಾಗಿ ಪ್ರತಿ ಅಧ್ಯಾಯಕ್ಕೂ ಮೂರು ಭಾಗಗಳಿರುವುದನ್ನು ಸಖಾವ್ ಗುರುತಿಸಿದ್ದಾರೆ. ಮೊದಲು ವಿಷಯ ಏನೆಂಬ ಸಂಗ್ರಹ. ಬಳಿಕ ಹಿಂದೂಗಳ ಅಭಿಪ್ರಾಯ, ಅವರ ಗ್ರಂಥಗಳ ಆಧಾರದೊಂದಿಗೆ. ಕೊನೆಗೆ ಗ್ರೀಕರು ಮುಂತಾದವರ ವಿಚಾರಗಳೊಡನೆ ಹೋಲಿಕೆ. ಉದಾಹರಣೆಗೆ, ದೇವರ ಕುರಿತ ಹಿಂದೂಗಳ ನಂಬಿಕೆಯನ್ನು ಹೇಳುವಾಗ ಪತಂಜಲಿ, ಗೀತೆ, ಸಾಂಖ್ಯಗಳನ್ನು ಹೆಸರಿಸಿ ಉದ್ಧರಿಸುತ್ತಾರೆ. ಪಂಡಿತರ ನಂಬಿಕೆಯನ್ನೂ ಜನಸಾಮಾನ್ಯರ ನಂಬಿಕೆಯನ್ನೂ ಬೆರೆಸದೆ ಬೇರೆ ಬೇರೆಯಾಗಿ ಇಡುತ್ತಾರೆ. ಅವರ ಮಾತು ಯಾವುದು, ತಮ್ಮ ಅಭಿಪ್ರಾಯ ಯಾವುದು ಎಂದು ಓದುಗನಿಗೆ ಗೊಂದಲವಾಗದು.

ಕಂಡದ್ದು ಮತ್ತು ಕೇಳಿದ್ದು

ಹದಿನಾರನೆಯ ಅಧ್ಯಾಯ ಕನ್ನಡಿಗರಾದ ನಮಗೆ ವಿಶೇಷವಾದದ್ದು. ಅಲ್ಲಿ ಭಾರತದ ಲಿಪಿಗಳ ಪಟ್ಟಿಯಿದೆ. ಕರ್ಣಾಟ ದೇಶದಲ್ಲಿ ಬಳಸುವ ಕರ್ಣಾಟ ಲಿಪಿಯ ಹೆಸರೂ ಅದರಲ್ಲಿದೆ. ಸೈನ್ಯಗಳಲ್ಲಿ ಕನ್ನರ ಎಂದು ಕರೆಸಿಕೊಳ್ಳುವ ಪಡೆಗಳು ಆ ದೇಶದವೆಂಬ ಮಾಹಿತಿಯೂ ಇದೆ. ದಕ್ಷಿಣದವರು ತಾಳೆಗರಿಯ ಮೇಲೆ ಬರೆದು, ನಡುವೆ ರಂಧ್ರ ಮಾಡಿ ದಾರ ಪೋಣಿಸುವುದನ್ನೂ ಅವರು ವರ್ಣಿಸಿದ್ದಾರೆ.

ಆದರೆ ಅಲ್‌ಬಿರೂನಿ ಕರ್ನಾಟಕಕ್ಕೆ ಬಂದಿರಲಿಲ್ಲ. ಬಂದಂತೆ ನಟಿಸಲೂ ಇಲ್ಲ. ಇನ್ನೊಂದು ಅಧ್ಯಾಯದಲ್ಲಿ ಲಾಹೋರ್, ಪೇಶಾವರ, ಮುಲ್ತಾನ್, ಸಿಯಾಲ್‌ಕೋಟ್, ನಂದನಾ ಕೋಟೆ ಮುಂತಾದ ಸ್ಥಳಗಳ ಅಕ್ಷಾಂಶಗಳನ್ನು ಕೊಟ್ಟು, ಈ ಸ್ಥಳಗಳನ್ನು ದಾಟಿ ತಾವು ಮುಂದೆ ಹೋಗಿಲ್ಲವೆಂದು ನೇರವಾಗಿ ಒಪ್ಪಿಕೊಳ್ಳುತ್ತಾರೆ. ಇಂದಿನ ಸಂಶೋಧನಾ ವರದಿಗಳಲ್ಲಿ 'ಅಧ್ಯಯನದ ಮಿತಿಗಳು' ಎಂಬ ಭಾಗವಿರುತ್ತದಲ್ಲ, ಅದು ಇದೇ. ತನ್ನ ಮಿತಿಯನ್ನು ಹೇಳಿಕೊಂಡದ್ದರಿಂದ ಆ ಗ್ರಂಥದ ಬೆಲೆ ಕುಗ್ಗಲಿಲ್ಲ. ಉಳಿದ ಮಾತುಗಳ ಮೇಲೆ ನಮಗೆ ನಂಬಿಕೆ ಬರುವುದೇ ಅದರಿಂದ.

ಈ ಎಚ್ಚರ ಅವರೊಬ್ಬರದೇ ಆಗಿರಲಿಲ್ಲ. ಸುದ್ದಿ ತಂದವನನ್ನು ಕುರುಡಾಗಿ ನಂಬದೆ ಪರೀಕ್ಷಿಸಬೇಕೆಂದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 6ನೇ ಸೂಕ್ತ ಕಲಿಸುತ್ತದೆ. ಇಮಾಮ್ ಬುಖಾರಿ (810–870) ಮೊದಲಾದ ಹದೀಸ್ ವಿದ್ವಾಂಸರು ಹದೀಸನ್ನು ಎರಡು ಭಾಗವಾಗಿ ನೋಡಿದರು. ಹೇಳಿಕೆ ಮತ್ನ್, ಅದನ್ನು ತಲುಪಿಸಿದವರ ಸರಪಳಿ ಇಸ್ನಾದ್. ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾದರೂ ಹೇಳಿಕೆಯ ದರ್ಜೆ ಇಳಿಯುತ್ತಿತ್ತು. ಇಂದಿನ ಅಡಿಟಿಪ್ಪಣಿ ಮತ್ತು ಆಕರಸೂಚಿಗಳು ಮಾಡುವ ಕೆಲಸವೂ ಇಂಥದೇ: ಈ ಮಾತು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ.

ಇಂದಿನ ವರದಿಗೆ

ಯುರೋಪಿನಲ್ಲಿ 1665ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆ ಆರಂಭವಾದ ಮೇಲೆ ವೈಜ್ಞಾನಿಕ ಬರಹ ಬೇರೊಂದು ದಾರಿಯಲ್ಲಿ ಬೆಳೆಯಿತು. ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ಇಂದಿನ ಕ್ರಮ ವ್ಯಾಪಕವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಹೆಸರುಗಳು ಬದಲಾದರೂ ಕೇಳುವ ಪ್ರಶ್ನೆಗಳು ಅವೇ. ಪೀಠಿಕೆ: ನಾನು ಏನನ್ನು ತಿಳಿಯಲು ಹೊರಟೆ, ಏಕೆ? ವಿಧಾನ: ಎಲ್ಲಿ, ಯಾರನ್ನು ಕೇಳಿದೆ, ಹೇಗೆ ಅಳೆದೆ? ಫಲಿತಾಂಶ: ನನಗೆ ಸಿಕ್ಕಿದ್ದೇನು? ಚರ್ಚೆ: ಅದರ ಅರ್ಥವೇನು, ನನಗೆ ತಿಳಿಯದೆ ಉಳಿದದ್ದೇನು? ಆಕರಸೂಚಿ: ಯಾರಿಂದ ಪಡೆದೆ? ಪ್ರಶ್ನಾವಳಿ, ದೊಡ್ಡ ಕೋಷ್ಟಕಗಳು ಅನುಬಂಧಕ್ಕೆ ಹೋಗುತ್ತವೆ. ಸಾರಾಂಶ ಮೊದಲ ಪುಟದಲ್ಲಿ ಇದ್ದರೂ ಅದನ್ನು ಕೊನೆಗೆ ಬರೆಯುವುದು ಲೇಸು.

ನಿಯಮ ಮೀರಿದರೆ ಶಿಕ್ಷೆಯೂ ಇದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಹೊರಡಿಸಿದ ಕೃತಿಚೌರ್ಯ ತಡೆ ನಿಯಮಗಳ ಪ್ರಕಾರ ಪ್ರಬಂಧದಲ್ಲಿ ಶೇ. 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ; ಶೇ. 60 ಮೀರಿದರೆ ವಿದ್ಯಾರ್ಥಿಯ ನೋಂದಣಿಯೇ ರದ್ದು. ಆದರೆ ಶಿಕ್ಷೆಯ ಭಯಕ್ಕಿಂತ ದೊಡ್ಡ ಮಾತೊಂದಿದೆ.

ಅಲ್‌ಬಿರೂನಿಯವರ ಗ್ರಂಥದ ಹೆಸರಿನಲ್ಲಿ 'ತಹ್‌ಕೀಕ್' ಎಂಬ ಪದವಿದೆ. ಸತ್ಯವನ್ನು ಪರೀಕ್ಷಿಸಿ ಖಚಿತಪಡಿಸಿಕೊಳ್ಳುವುದು ಎಂದರ್ಥ. ನಮ್ಮ ಕನ್ನಡದ ಕೋರ್ಟು ಕಚೇರಿಗಳ ಕಾಗದಪತ್ರಗಳಲ್ಲಿ ಕಾಣುವ 'ಹಕೀಕತ್ತು' ಕೂಡ ಅದೇ ಮೂಲದ ಮಾತು. ನಮ್ಮ ಬಗ್ಗೆ ಯಾರೋ ಕೇಳಿದ ಮಾತನ್ನೇ ಬರೆದಾಗ, ಒಬ್ಬರು ಬರೆದ ತಪ್ಪನ್ನು ಹತ್ತು ಜನ ನಕಲು ಮಾಡಿದಾಗ ನಮಗೆ ನೋವಾಗುತ್ತದೆ. ಅಬೂ ಸಹ್ಲ್ ಅವರಿಗಾದದ್ದೂ ಅದೇ ನೋವು. ಆ ನೋವಿಗೆ ಅಲ್‌ಬಿರೂನಿ ಕೊಟ್ಟ ಉತ್ತರ ಕೋಪದ ಮಾತಾಗಿರಲಿಲ್ಲ. ತಮ್ಮವರಲ್ಲದವರ ಬಗ್ಗೆ ಅವರದೇ ಗ್ರಂಥಗಳನ್ನು ಓದಿ, ಪರೀಕ್ಷಿಸಿ ಬರೆದ 80 ಅಧ್ಯಾಯಗಳೇ ಆ ಉತ್ತರ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ವರದಿ ಇಪ್ಪತ್ತೇ ಪುಟವಿರಲಿ. ನಿಮ್ಮ ಬೀದಿಯ ಬೀಡಿ ಕಾರ್ಮಿಕರ ಬಗ್ಗೆಯೋ ಊರ ಕೆರೆಯ ನೀರಿನ ಬಗ್ಗೆಯೋ ಇರಲಿ. ನೀವು ಮಾತಾಡಿಸಿದ್ದು ಹನ್ನೆರಡು ಮನೆಗಳನ್ನಾದರೆ ಹನ್ನೆರಡೆಂದೇ ಬರೆಯಿರಿ. ನೂರೆಂದು ಬರೆಯಬೇಡಿ. ಮಾಹಿತಿಯೂ ಒಂದು ಅಮಾನತ್ತು. ಅದನ್ನು ಕೊಟ್ಟವರ ಹೆಸರಿನೊಂದಿಗೆ, ಪಡೆದ ಹಾಗೆಯೇ ತಲುಪಿಸುವುದು ನಮ್ಮ ಹೊಣೆ.