ಸುಬೇದಾರ ಸಾಹೇಬರ ಅಧಿಕಾರ

ನಮ್ಮೂರಿನಲ್ಲಿ ಚಿಕ್ಕಜ್ಜನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಮದ್ರಾಸ್ ಸ್ಯಾಪರ್ಸ್‌ನಲ್ಲಿ ಸಿಪಾಯಿಯಾಗಿ ಸೇರಿ, ಇಪ್ಪತ್ತೆಂಟು ವರ್ಷ ದುಡಿದು, ಸುಬೇದಾರನಾಗಿ ನಿವೃತ್ತಿಯಾದವನು. ಊರಿಗೆಲ್ಲ ‘ಸುಬೇದಾರಜ್ಜ’. ಕಳೆದ ವರ್ಷ ಪಕ್ಕದ ಮನೆಯ ಹುಡುಗ ಲೆಫ್ಟಿನೆಂಟ್ ಆಗಿ ರಜೆಗೆ ಬಂದಿದ್ದ. ಅವನು ಜಗಲಿ ಹತ್ತಿದ್ದೇ ತಡ, ಎಪ್ಪತ್ತು ದಾಟಿದ ಚಿಕ್ಕಜ್ಜ ತಟ್ಟನೆ ಎದ್ದು ನಿಂತು “ಬನ್ನಿ ಸಾಬ್” ಎಂದ. ಹುಡುಗ ನಾಚಿ, “ಕೂತ್ಕೊಳ್ಳಿ ಸುಬೇದಾರ್ ಸಾಬ್” ಎಂದ. ಇಬ್ಬರೂ ಸಾಹೇಬರೇ. ಆದರೆ ಎದ್ದು ನಿಂತವನು ಮಾತ್ರ ಚಿಕ್ಕಜ್ಜ.

ವಸಾಹತು ಕಾಲದ ಸೈನ್ಯದ ಬಗ್ಗೆ ಸಂಶೋಧನೆ ಮಾಡುತ್ತಿರುವ ನನಗೆ ಆ ದೃಶ್ಯ ಮನಸ್ಸಿನಿಂದ ಹೋಗಲಿಲ್ಲ. ಏಕೆಂದರೆ ‘ಸುಬೇದಾರ’ ಒಂದು ಕಾಲಕ್ಕೆ ಬಹಳ ದೊಡ್ಡ ಪದ. ಮೊಘಲರ ಆಡಳಿತದಲ್ಲಿ ಸುಬಾ ಎಂದರೆ ಒಂದು ಪ್ರಾಂತ. ಅದನ್ನು ಆಳುವವನು ಸುಬೇದಾರ. ನಮ್ಮ ಶಿರಾ ಅಂಥದೊಂದು ಸುಬಾದ ರಾಜಧಾನಿಯಾಗಿತ್ತು. ‘ನಾಯಕ’ ಪದದ ಕಥೆಯೂ ಹೀಗೆಯೇ. ವಿಜಯನಗರದ ಕಾಲದಲ್ಲಿ ನಾಯಕರು ಸೀಮೆಗಳನ್ನು ಆಳಿದರು. ಕೆಳದಿ, ಚಿತ್ರದುರ್ಗಗಳಲ್ಲಿ ಅರಸರೇ ಆದರು. ಹದಿನೆಂಟನೆಯ ಶತಮಾನಕ್ಕೆ ಬರುವಾಗ ಅದು ಸಣ್ಣ ಕಾಲಾಳು ಪಡೆಯ ಮುಖಂಡನ ಹೆಸರೂ ಆಗಿತ್ತು. ಹೈದರಾಲಿ ದೊರೆಯಾದ ಮೇಲೂ ಅವನ ವಿರೋಧಿಗಳು ‘ಹೈದರ್ ನಾಯಕ್’ ಎಂದೇ ಕರೆದದ್ದು, ನೀನು ಎಲ್ಲಿಂದ ಬಂದವನು ಎಂಬುದನ್ನು ನೆನಪಿಸಲಿಕ್ಕೆ. ಈಸ್ಟ್ ಇಂಡಿಯಾ ಕಂಪನಿ ಈ ಪದಗಳನ್ನು ತನ್ನ ಪಲ್ಟನ್ನಿಗೆ ಎತ್ತಿಕೊಂಡಿತು. ಸುಬೇದಾರ ಒಂದು ಕಂಪನಿಯ ಮುಖ್ಯಸ್ಥನಾದ. ಅವನ ಕೆಳಗೆ ಜಮಾದಾರ, ಹವಾಲ್ದಾರ, ಕೊನೆಗೆ ನಾಯಕ್.

ಮೊದಮೊದಲು ಈ ಹುದ್ದೆಗಳಲ್ಲಿ ನಿಜವಾದ ಕಸುವಿತ್ತು. 1750ರ ದಶಕದ ಮದ್ರಾಸಿನಲ್ಲಿ ಯೂಸುಫ್ ಖಾನ್ ಸುಬೇದಾರಿಕೆಯಿಂದ ಮೇಲೇರಿ, ಕಂಪನಿಯ ಎಲ್ಲ ಸಿಪಾಯಿಗಳ ಕಮಾಂಡೆಂಟ್ ಆದ. ಮುಂದೆ ಮದುರೆಯ ಆಡಳಿತವೂ ಅವನ ಕೈಗೆ ಬಂತು. ಕೊನೆಗೆ ಕಂಪನಿಗೂ ಆರ್ಕಾಟಿನ ನವಾಬನಿಗೂ ಎದುರು ನಿಂತ. 1764ರಲ್ಲಿ ಅವನನ್ನು ಗಲ್ಲಿಗೇರಿಸಿದರು. ದೇಶೀಯ ಅಧಿಕಾರಿಯೊಬ್ಬ ಎಷ್ಟು ಎತ್ತರಕ್ಕೆ ಹೋಗಬಲ್ಲ ಎಂಬುದು ಅವನ ಬದುಕಿನಲ್ಲಿತ್ತು. ಹಾಗೆ ಹೋದವನನ್ನು ಕಂಡು ಆಳುವವರು ಎಷ್ಟು ಹೆದರಿದರು ಎಂಬುದು ಅವನ ಸಾವಿನಲ್ಲಿತ್ತು.

ಅಧಿಕಾರವನ್ನು ನಿರ್ಣಾಯಕವಾಗಿ ಕತ್ತರಿಸಿದ್ದು 1796ರ ಪುನರ್ರಚನೆ. ಅದುವರೆಗೆ ಒಂದು ಬೆಟಾಲಿಯನ್ನಿನಲ್ಲಿ ಬೆರಳೆಣಿಕೆಯಷ್ಟಿದ್ದ ಯುರೋಪಿಯನ್ ಅಧಿಕಾರಿಗಳು ಈಗ ಇಪ್ಪತ್ತರ ಆಸುಪಾಸಿಗೆ ಏರಿದರು. ಸುಬೇದಾರನ ಹುದ್ದೆ ಉಳಿಯಿತು, ಸಮವಸ್ತ್ರ ಉಳಿಯಿತು. ಅವನು ಮಾಡುತ್ತಿದ್ದ ತೀರ್ಮಾನಗಳು ಬೇರೆಯವರ ಮೇಜಿಗೆ ಹೋದವು. ನೆರೆಗೂದಲಿನ ಸುಬೇದಾರ, ನಿನ್ನೆ ಹಡಗಿನಿಂದಿಳಿದ ಹದಿನೇಳರ ಎನ್‌ಸೈನ್‌ಗಿಂತ ಕೆಳಗಿನವನು. ಇದರ ಜೊತೆಗೆ ಬಡ್ತಿಯೆಲ್ಲ ಸೇವಾ ಹಿರಿತನದ ಮೇಲೆ. ಸುಬೇದಾರಿಕೆ ಕೈಗೆ ಸಿಗುವಷ್ಟರಲ್ಲಿ ಆಯುಸ್ಸೇ ಮುಗಿಯುತ್ತ ಬಂದಿರುತ್ತಿತ್ತು.

ಇದು ಒಬ್ಬೊಬ್ಬರ ಅವಮಾನವಾಗಿಯಷ್ಟೇ ಉಳಿಯಲಿಲ್ಲ. ಸಿಪಾಯಿಗಳ ಗುಸುಗುಸು ದೊರೆಗಳ ಕಿವಿಗೆ ಮುಟ್ಟಬೇಕಾದ ದಾರಿ ಈ ಅಧಿಕಾರಿಗಳೇ ಆಗಿದ್ದರು. ಆ ದಾರಿ ಮುಚ್ಚಿದರೆ ಏನಾಗುತ್ತದೆಂದು 1806ರ ಜುಲೈ 10ರಂದು ವೆಲ್ಲೂರಿನಲ್ಲಿ ಗೊತ್ತಾಯಿತು. ಹೊಸ ಮಾದರಿಯ ರುಮಾಲು, ಗಡ್ಡಕ್ಕೂ ಹಣೆಯ ನಾಮಕ್ಕೂ ನಿಷೇಧ, ಅದೇ ಕೋಟೆಯಲ್ಲಿ ಟಿಪ್ಪುವಿನ ಮಕ್ಕಳು. ದಂಗೆಯ ಮುಂದಾಳುಗಳಲ್ಲಿ ಜಮಾದಾರ್ ಶೇಖ್ ಕಾಸಿಂ ಒಬ್ಬ. ಸುದ್ದಿ ಮುಟ್ಟಿಸಬೇಕಾದ ಸಾಲಿನವನೇ ಸಿಪಾಯಿಗಳ ಜೊತೆ ನಿಂತಿದ್ದ.

ಕಳೆದದ್ದನ್ನು ಕಂಪನಿ ಗೌರವದ ನಾಣ್ಯದಲ್ಲಿ ತುಂಬಿಕೊಡಲು ನೋಡಿತು. 1837ರಲ್ಲಿ ದೇಶೀಯ ಅಧಿಕಾರಿಗಳಿಗಾಗಿ ‘ಆರ್ಡರ್ ಆಫ್ ಬ್ರಿಟಿಷ್ ಇಂಡಿಯಾ’ ಹುಟ್ಟಿತು: ಮೊದಲ ದರ್ಜೆಗೆ ‘ಸರ್ದಾರ್ ಬಹಾದೂರ್’, ಎರಡನೆಯದಕ್ಕೆ ‘ಬಹಾದೂರ್’. ಕೊರಳಿಗೆ ಪದಕ, ಕೈಗೆ ಹೆಚ್ಚುವರಿ ಭತ್ಯೆ. ಆಜ್ಞೆ ಕೊಡುವ ಹಕ್ಕು ಮಾತ್ರ ಇದ್ದಲ್ಲೇ ಇತ್ತು.

ಆದರೆ ಈ ಇತಿಹಾಸ ಒಂದೇ ಇಳಿಜಾರಲ್ಲ. 1857ರ ನಂತರ ಪಲ್ಟನ್ನುಗಳಲ್ಲಿ ಬ್ರಿಟಿಷ್ ಅಧಿಕಾರಿಗಳ ಸಂಖ್ಯೆ ಇಳಿದಾಗ ಸುಬೇದಾರರಿಗೆ ಕಂಪನಿಗಳ ಹೊಣೆ ಮತ್ತೆ ಸಿಕ್ಕಿತು. ಆಗಲೂ ಒಂದು ಗೆರೆ ಅಳಿಸಲಿಲ್ಲ. ವೈಸ್‌ರಾಯ್ ಕಮಿಷನ್ ಪಡೆದ ಇವರು ಆಜ್ಞೆ ಕೊಡಬಹುದಾಗಿದ್ದದ್ದು ಭಾರತೀಯ ಸೈನಿಕರಿಗಷ್ಟೇ.

ಮೊದಲ ಮಹಾಯುದ್ಧದ ಕೊನೆಗೆ ಭಾರತೀಯರಿಗೆ ರಾಜನ ಕಮಿಷನ್ನಿನ ಬಾಗಿಲು ತೆರೆಯಿತು. 1919ರಲ್ಲಿ ಇಂದೋರಿನ ಕೆಡೆಟ್ ಕಾಲೇಜಿನಿಂದ ಹೊರಬಂದವರಲ್ಲಿ ಕೊಡಗಿನ ಕಾರ್ಯಪ್ಪನವರೂ ಇದ್ದರು. ಮೂವತ್ತು ವರ್ಷಗಳಲ್ಲಿ ಅವರು ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದರು. ನಾವು ಹೆಮ್ಮೆಯಿಂದ ಓದುವ ಈ ಅಧ್ಯಾಯಕ್ಕೆ ಇನ್ನೊಂದು ಮಗ್ಗುಲಿದೆ. ಆ ಬಾಗಿಲು ಓದಿದ ಮನೆಗಳ ಹುಡುಗರಿಗೆ ತೆರೆದದ್ದು. ಭಾರತೀಕರಣಕ್ಕೆಂದು ಆರಿಸಿದ ಪಲ್ಟನ್ನುಗಳಲ್ಲಿ ಹೊಸ ಅಧಿಕಾರಿಗಳಿಗೆ ಸುಬೇದಾರ, ಜಮಾದಾರರು ನೋಡಿಕೊಳ್ಳುತ್ತಿದ್ದ ಪ್ಲಟೂನುಗಳನ್ನೇ ವಹಿಸಿದರು. ಮೇಲಿದ್ದ ಬಿಳಿಯನ ಜಾಗ ಅಷ್ಟಕ್ಕಷ್ಟೇ ಖಾಲಿಯಾಯಿತು. ಕೆಳಗಿನ ರೈತನ ಮಗನ ಜಾಗ ಮೊದಲು ಖಾಲಿಯಾಯಿತು.

ಸ್ವಾತಂತ್ರ್ಯದ ನಂತರ ವೈಸ್‌ರಾಯ್ ಹೋದ, ಹುದ್ದೆ ಉಳಿಯಿತು. ಹೆಸರು ‘ಜೂನಿಯರ್ ಕಮಿಷನ್ಡ್ ಆಫೀಸರ್’ ಎಂದಾಯಿತು. 1965ರಲ್ಲಿ ಜಮಾದಾರ ‘ನಾಯಬ್ ಸುಬೇದಾರ’ನಾದ. ಪ್ಲಟೂನ್ ನಡೆಸುವುದು, ಹುಡುಗರ ರಜೆ, ಜಗಳ, ಮನೆಯ ಕಷ್ಟಗಳನ್ನು ಅಧಿಕಾರಿಯ ಮುಂದಿಡುವುದು ಇವತ್ತಿಗೂ ಇವರ ಕೆಲಸ. ನಿವೃತ್ತಿಯ ಹೊತ್ತಿಗೆ ಕೆಲವರಿಗೆ ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ಪದವಿಯೂ ಸಿಗುತ್ತದೆ.

ಒಂದು ಸಂಜೆ ಇದನ್ನೆಲ್ಲ ಚಿಕ್ಕಜ್ಜನಿಗೆ ಹೇಳಿದೆ. ಶಿರಾದ ಸುಬೇದಾರನ ಕಥೆಗೆ ಜೋರಾಗಿ ನಕ್ಕ. ಹಾಗಾದರೆ ಆ ಹುಡುಗನಿಗೆ ಯಾಕೆ ಎದ್ದು ನಿಂತೆ ಎಂದು ಕೇಳಿದೆ. “ನಿಂತದ್ದು ಅವನ ಹೆಗಲ ಮೇಲಿನ ನಕ್ಷತ್ರಕ್ಕೆ” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಅವನ ಥರದವರು ಹೊಸದಾಗಿ ಬಂದಾಗ ರಾತ್ರಿ ನಕ್ಷೆ ಓದೋದು ಕಲಿಸಿದವನು ನಾನೇ. ಅದನ್ನ ಯಾವ ಕಾಗದದಲ್ಲಿ ಬರೀತಾರೆ?” ಎಂದ.

ನನ್ನ ಪ್ರಬಂಧದಲ್ಲಿ ಆದೇಶಗಳಿಗೆ, ವೇತನ ಪಟ್ಟಿಗಳಿಗೆ ಅಧ್ಯಾಯಗಳಿವೆ. ಆ ಪ್ರಶ್ನೆಗೆ ಇನ್ನೂ ಜಾಗ ಹುಡುಕುತ್ತಿದ್ದೇನೆ.