ಲಾರಿಯ ಮುಂದಿನ ಆಕ್ಸಲ್ ಬದಲಾವಣೆ: ಎತ್ತರ ಮತ್ತು ಸ್ಟೇರಿಂಗ್ ದೋಷಗಳು

ಬಾಗಿದ, ಸವೆದ ಅಥವಾ ಬಿರುಕುಬಿಟ್ಟ ಮುಂದಿನ ಆಕ್ಸಲ್ ತೆಗೆದು ಇನ್ನೊಂದನ್ನು ಕೂರಿಸಿದ ಮೇಲೆ ಲಾರಿ ಒಂದು ಮಗ್ಗುಲಿಗೆ ವಾಲುವುದು, ಮೂತಿ ಎತ್ತಿ ನಿಲ್ಲುವುದು, ಸ್ಟೇರಿಂಗ್ ಒಂದು ಕಡೆಗೆ ಎಳೆಯುವುದು, ಟೈರು ಗರಗಸದ ಹಲ್ಲಿನಂತೆ ಸವೆಯುವುದು ಸಾಮಾನ್ಯ. ಇವನ್ನು ಬೇರೆ ಬೇರೆ ದೋಷಗಳೆಂದು ನೋಡುವ ವಾಡಿಕೆಯಿದೆ. ಆದರೆ ಬಹುಪಾಲು ಗಾಡಿಗಳಲ್ಲಿ ಎತ್ತರದ ದೋಷವೇ ಸ್ಟೇರಿಂಗಿನ ದೋಷವಾಗಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಎತ್ತರ ಮೊದಲು, ಅಲೈನ್ಮೆಂಟ್ ಆಮೇಲೆ.

ಗಾದಿಗನೂರು ಸೀಮೆಯ ಲಾರಿಗಳು

ಹೊಸಪೇಟೆ–ಬಳ್ಳಾರಿ ನಡುವಿನ ರಾಷ್ಟ್ರೀಯ ಹೆದ್ದಾರಿ 67 (ಹಳೆಯ ಸಂಖ್ಯೆ 63) ಗಾದಿಗನೂರು, ತೋರಣಗಲ್ಲುಗಳ ಮೇಲೆ ಹಾಯುತ್ತದೆ. ಸಂಡೂರಿನ ಬೆಟ್ಟಗಳಿಂದ ಇಳಿಯುವ ಅದಿರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬೇಕಾದ ಕಲ್ಲಿದ್ದಲು, ಕಂಪ್ಲಿ ಕಡೆಯ ಭತ್ತ ಈ ಸುತ್ತಿನ ರಸ್ತೆಗಳ ಮುಖ್ಯ ಹೊರೆ. ಇವುಗಳಲ್ಲಿ ಮುಂದಿನ ಆಕ್ಸಲನ್ನು ಹೆಚ್ಚು ದಣಿಸುವುದು ಅದಿರು. ಒಂದು ಘನಮೀಟರ್ ಸಡಿಲ ಕಲ್ಲಿದ್ದಲು ಒಂದು ಟನ್ನಿಗಿಂತ ಕಡಿಮೆ ತೂಗಿದರೆ ಅಷ್ಟೇ ಅದಿರು ಅದರ ಎರಡು ಪಟ್ಟಿಗೂ ಮಿಕ್ಕಿ ತೂಗುತ್ತದೆ. ಹಾಗಾಗಿ ಅದಿರಿನ ಗಾಡಿಯ ಬಾಡಿ ಅರ್ಧ ಖಾಲಿ ಕಾಣುವಾಗಲೇ ತೂಕ ಮಿತಿ ಮುಟ್ಟಿರುತ್ತದೆ, ಅದರ ಮೇಲೆ ತುಂಬಿದ್ದೆಲ್ಲ ಹೆಚ್ಚುವರಿ ಹೊರೆ. ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿ 2018ರ ಜುಲೈವರೆಗೆ 25 ಟನ್ ಇತ್ತು, ಆಮೇಲೆ 28.5 ಟನ್ ಆಯಿತು. ಗಣಿಗಾರಿಕೆ ಉಚ್ಛ್ರಾಯದಲ್ಲಿದ್ದ ವರ್ಷಗಳಲ್ಲಿ ಹಳೆಯ ಮಿತಿಯನ್ನು ಎಷ್ಟು ಮೀರಲಾಯಿತೆಂಬುದನ್ನು ಲೋಕಾಯುಕ್ತದ 2008 ಮತ್ತು 2011ರ ವರದಿಗಳು ದಾಖಲಿಸಿವೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. 2013ರ ಏಪ್ರಿಲ್‌ನ ತೀರ್ಪಿನ ಬಳಿಕ ಹಂತಹಂತವಾಗಿ ಗಣಿಗಳು ತೆರೆದವು.

ಇನ್ನೊಂದು ಶತ್ರು ಕೆಂಧೂಳು. ಹೆಮಟೈಟ್ ಅದಿರಿನ ಪುಡಿ, ಮುಂಚಕ್ರ ಹೊರಳುವ ಕೀಲಾದ ಕಿಂಗ್ ಪಿನ್ನಿನ ಕಂಚಿನ ಬುಷ್‌ಗಿಂತ ಗಟ್ಟಿ. ಅದು ಗ್ರೀಸಿನಲ್ಲಿ ಬೆರೆತರೆ ಸಾಣೆಯ ಹಿಟ್ಟಿನ ಕೆಲಸ ಮಾಡುತ್ತದೆ. ಆಕ್ಸಲ್ ಬದಲಿಸಿ ಹಳೆಯ ಬುಷ್ ಉಳಿಸಿಕೊಂಡರೆ ಮುಂದೆ ತೆಗೆಯುವ ಯಾವ ಅಳತೆಯೂ ನಂಬಿಕೆಗೆ ಅರ್ಹವಲ್ಲ.

ಎತ್ತರದ ದೋಷ

ಲಾರಿಯ ಮುಂದಿನ ಆಕ್ಸಲ್ ಬಡಿದು ರೂಪಿಸಿದ ಉಕ್ಕಿನ ತೊಲೆ. ಅದರ ನಡುಭಾಗ ಎರಡು ತುದಿಗಳಿಗಿಂತ ತಗ್ಗಿನಲ್ಲಿರುತ್ತದೆ. ನೋಡಲು ಒಂದೇ ತೆರನಾದ ಎರಡು ಆಕ್ಸಲ್‌ಗಳಲ್ಲಿ ಈ ತಗ್ಗು ಬೇರೆಯಾಗಿರಬಹುದು. ತಗ್ಗು 20 ಮಿ.ಮೀ. ಕಡಿಮೆಯಾದರೆ ಚಾಸಿ ಅಷ್ಟೇ ಮೇಲೇರುತ್ತದೆ. ಗುಜರಿಯಿಂದ ತಂದ ಆಕ್ಸಲನ್ನು ಏರಿಸುವ ಮೊದಲೇ ಹಳೆಯದರ ಪಕ್ಕ ಮಲಗಿಸಿ ತಗ್ಗು, ಸ್ಪ್ರಿಂಗ್ ಕೂರುವ ಎರಡು ಪೀಠಗಳ ನಡುವಿನ ಅಂತರ, ಕಿಂಗ್ ಪಿನ್‌ಗಳ ನಡುವಿನ ಅಂತರ ಇವಿಷ್ಟನ್ನು ಹೋಲಿಸಿದರೆ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ.

ಗಾಡಿ ಈಗಾಗಲೇ ವಾಲಿ ನಿಂತಿದ್ದರೆ ಎತ್ತರವನ್ನು ಮೂರು ತುಂಡು ಮಾಡಿ ಅಳೆಯಬೇಕು. ಸಮತಟ್ಟು ನೆಲದಲ್ಲಿ, ಖಾಲಿ ಗಾಡಿಯನ್ನು ನಾಲ್ಕಾರು ಸಲ ಹಿಂದೆ ಮುಂದೆ ಉರುಳಿಸಿ, ಎರಡೂ ಟೈರಿಗೆ ಒಂದೇ ಗಾಳಿ ಹಿಡಿದಿರುವಾಗ ಈ ಅಳತೆ ತೆಗೆಯಬೇಕು. ನೆಲದಿಂದ ಹಬ್ಬಿನ ನಡುವಿಗೆ ಇರುವ ಅಳತೆ ಟೈರಿನದು. ಹಬ್ಬಿನಿಂದ ಪೀಠಕ್ಕೆ ಆಕ್ಸಲಿನದು. ಪೀಠದಿಂದ ಚಾಸಿಯ ಅಡಿಗೆ ಸ್ಪ್ರಿಂಗಿನದು. ಎಡಬಲಗಳಲ್ಲಿ ಯಾವ ತುಂಡು ಹೊಂದುವುದಿಲ್ಲವೋ ದೋಷ ಅಲ್ಲಿದೆ. ಮೂರನೆಯದೇ ಹೊಂದದಿದ್ದರೆ ಎಡದ ಸ್ಪ್ರಿಂಗ್ ಸೆಟ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ನೋಡಬೇಕು. ವಾಲು ಅದರ ಜೊತೆಗೇ ಬದಿ ಬದಲಿಸಿದರೆ ಸ್ಪ್ರಿಂಗ್ ಸೋತಿದೆ. ಅಲ್ಲೇ ಉಳಿದರೆ ಚಾಸಿ ತಿರುಚಿದೆ, ಇಲ್ಲವೇ ಹಿಂದಿನ ಒಂದು ಸ್ಪ್ರಿಂಗ್ ಕುಸಿದಿದೆ. ವಾಲಿದ ಬದಿಗೆ ಮಾತ್ರ ಒಂದು ಪ್ಲೇಟು ಸೇರಿಸಿ ಸಮ ಮಾಡುವ ರೂಢಿ ಅಪಾಯಕಾರಿ. ಖಾಲಿ ಗಾಡಿ ನೇರವಾಗಿ ನಿಂತೀತು. ಲೋಡು ಬಿದ್ದಾಗ, ಬ್ರೇಕ್ ಒತ್ತಿದಾಗ ಎರಡು ಬದಿಗಳು ಬೇರೆ ಬೇರೆ ಬಗ್ಗಿ ಗಾಡಿ ಎಳೆಯುತ್ತದೆ.

ಎತ್ತರದಿಂದ ಸ್ಟೇರಿಂಗಿಗೆ

ಎತ್ತರ ಸ್ಟೇರಿಂಗನ್ನು ಕೆಡಿಸುವುದು ಎರಡು ದಾರಿಯಿಂದ. ಮೊದಲನೆಯದು ಕ್ಯಾಸ್ಟರ್, ಅಂದರೆ ಪಕ್ಕದಿಂದ ನೋಡಿದಾಗ ಕಿಂಗ್ ಪಿನ್ ಹಿಂದಕ್ಕೆ ಓರೆಯಾಗಿರುವ ಕೋನ. ಮುಂದಿನ–ಹಿಂದಿನ ಚಕ್ರಗಳ ನಡುವೆ 4,200 ಮಿ.ಮೀ. ಇರುವ ಗಾಡಿಯ ಮೂತಿ 73 ಮಿ.ಮೀ. ಏರಿದರೆ ಚಾಸಿ 1 ಡಿಗ್ರಿ ಹಿಂದಕ್ಕೆ ಒರಗುತ್ತದೆ, ಕ್ಯಾಸ್ಟರ್ ಅಷ್ಟೇ ಹೆಚ್ಚುತ್ತದೆ. ಹೆಚ್ಚಾದರೆ ಸ್ಟೇರಿಂಗ್ ಭಾರ, ಚಕ್ರದಲ್ಲಿ ನಡುಕ. ಕಡಿಮೆಯಾದರೆ ತಿರುವಿನ ನಂತರ ತಾನಾಗಿ ಮರಳುವುದಿಲ್ಲ, ಗಾಡಿ ಅಲೆಯುತ್ತದೆ. ಕ್ಯಾಸ್ಟರ್ ತಿದ್ದಲು ಪೀಠದ ಮೇಲೆ ಕೂರಿಸುವ 2 ಡಿಗ್ರಿಯ ಓರೆ ತುಂಡನ್ನು ತಿರುಗುಮುರುಗಾಗಿ ಹಾಕಿದರೆ ತಪ್ಪು 4 ಡಿಗ್ರಿಯಾಗುತ್ತದೆಂಬುದನ್ನು ಮರೆಯಬಾರದು.

ಎರಡನೆಯದು ಡ್ರ್ಯಾಗ್ ಲಿಂಕ್. ಇದು ಸ್ಟೇರಿಂಗ್ ಬಾಕ್ಸಿನ ಪಿಟ್‌ಮನ್ ಆರ್ಮನ್ನು ಚಕ್ರದ ಆರ್ಮಿಗೆ ಜೋಡಿಸುವ ಸಲಾಕೆ. 900 ಮಿ.ಮೀ. ಉದ್ದದ ಲಿಂಕ್ ನೆಲಕ್ಕೆ ಸಮಾನಾಂತರವಾಗಿದ್ದರೆ ಎತ್ತರ 40 ಮಿ.ಮೀ. ಬದಲಾದರೂ ಅದರ ಅಡ್ಡ ಅಳತೆ 1 ಮಿ.ಮೀ. ಕೂಡ ವ್ಯತ್ಯಾಸವಾಗದು. ಅದೇ ಲಿಂಕ್ ಮೊದಲೇ 200 ಮಿ.ಮೀ. ಇಳಿಜಾರಾಗಿದ್ದರೆ, ಚಾಸಿ 40 ಮಿ.ಮೀ. ಏರಿದಾಗ ಅಡ್ಡ ಅಳತೆ ಸುಮಾರು 10 ಮಿ.ಮೀ. ಕುಗ್ಗುತ್ತದೆ. ಪಿಟ್‌ಮನ್ ಆರ್ಮ್ 200 ಮಿ.ಮೀ. ಇದ್ದು, ಬಾಕ್ಸಿನ ಅನುಪಾತ 20ಕ್ಕೆ 1 ಇದ್ದರೆ, ಚಕ್ರ ನೇರವಿರುವಾಗ ಸ್ಟೇರಿಂಗ್ ವೀಲ್ 57 ಡಿಗ್ರಿ ಓರೆ ನಿಲ್ಲುತ್ತದೆ. ಸ್ಪ್ರಿಂಗ್ ತಾನೇ ಆಕ್ಸಲನ್ನು ಹಿಂದೆ ಮುಂದೆ ಸರಿಸುವುದನ್ನು ಈ ಲೆಕ್ಕದಲ್ಲಿ ಬಿಟ್ಟಿದೆ. ಅದು ಸೇರಿದರೆ ಅಂಕಿ ಬದಲಾಗುತ್ತದೆ, ಕಾರಣ ಬದಲಾಗುವುದಿಲ್ಲ. ಇಂಥ ಗಾಡಿ ಪ್ರತಿ ಗುಂಡಿಯಲ್ಲೂ ಡ್ರೈವರನ ಅಪ್ಪಣೆಯಿಲ್ಲದೆ ತಿರುಗುತ್ತದೆ.

ಇಲ್ಲಿ ನಡೆಯುವ ದೊಡ್ಡ ತಪ್ಪೆಂದರೆ ಸ್ಟೇರಿಂಗ್ ವೀಲ್ ಕಳಚಿ ಹಲ್ಲು ಬದಲಿಸಿ ನೇರವಾಗಿ ಕೂರಿಸುವುದು. ವೀಲ್ ನೇರವಾಯಿತು, ಬಾಕ್ಸ್ ನಡುವಿನಲ್ಲಿಲ್ಲ. ಒಂದು ಕಡೆಗೆ ಪೂರ್ತಿ ತಿರುಗುತ್ತದೆ, ಇನ್ನೊಂದು ಕಡೆಗೆ ಕೊರತೆ. ನೇರ ಓಟಕ್ಕೆ ಮೀಸಲಾದ ಬಾಕ್ಸಿನ ಬಿಗಿ ಜಾಗ ಬಳಕೆಗೇ ಬರುವುದಿಲ್ಲ. ಸರಿಯಾದ ಕ್ರಮ ಇದು: ಲಿಂಕ್ ಕಳಚಿ, ವೀಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸುತ್ತು ಎಣಿಸಿ, ಅದರ ಅರ್ಧಕ್ಕೆ ತಂದು ನಿಲ್ಲಿಸಬೇಕು. ಚಕ್ರಗಳನ್ನು ಚಾಸಿಗೆ ನೇರ ಮಾಡಬೇಕು. ಆಮೇಲೆ ಲಿಂಕಿನ ಉದ್ದವನ್ನು ಹೊಂದಿಸಬೇಕು. ಉದ್ದ ಹೊಂದಿಸಲು ಬರದ ಲಿಂಕ್ ತೂತಿಗೆ ಸೇರದಿದ್ದರೆ ಎತ್ತರವಾಗಲಿ ಆರ್ಮ್ ಆಗಲಿ ತಪ್ಪಿದೆ ಎಂದೇ ಅರ್ಥ.

ಅಕರ್ಮನ್ ಕೋನ

ಎತ್ತಿನ ಗಾಡಿಗೆ ಒಂದೇ ಅಚ್ಚು. ಎತ್ತು ತಿರುಗಿದರೆ ಗಾಡಿ ತಿರುಗಿತು. ತೇರಿನ ಅಚ್ಚು ತಿರುಗುವುದಿಲ್ಲ, ಗಾಲಿಗೆ ಮರದ ತುಂಡು ಒಡ್ಡಿ ದಾರಿ ತಿದ್ದುತ್ತಾರೆ. ನಾಲ್ಕು ಚಕ್ರದ ಬಂಡಿ ತಿರುಗುವಾಗ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ಹೊರಳಬೇಕು. ಇದಕ್ಕೆ ಉಪಾಯ ಕಂಡವನು ಮ್ಯೂನಿಕ್ಕಿನ ಸಾರೋಟು ತಯಾರಕ ಗೇಯಾರ್ಗ್ ಲಾಂಕೆನ್ಸ್‌ಪರ್ಗರ್. ಆದರೆ 1818ರಲ್ಲಿ ಲಂಡನ್ನಿನಲ್ಲಿ ಅದಕ್ಕೆ ಪೇಟೆಂಟ್ ಪಡೆದ ರುಡಾಲ್ಫ್ ಅಕರ್ಮನ್ನನ ಹೆಸರು ಉಳಿಯಿತು. ಅಕರ್ಮನ್ ಕೋನವೆಂದರೆ ಎರಡು ಮುಂಚಕ್ರಗಳನ್ನು ಜೋಡಿಸುವ ಟೈರಾಡಿನ ಆರ್ಮುಗಳ ಓರೆ. ಅದು ಮುಂದಿನ–ಹಿಂದಿನ ಚಕ್ರಗಳ ನಡುವಿನ ಅಂತರಕ್ಕೆ ತಕ್ಕಂತೆ ಇರುತ್ತದೆ. ಉದ್ದ ಲಾರಿಯ ಆಕ್ಸಲನ್ನು ಗಿಡ್ಡ ಟಿಪ್ಪರಿಗೆ ಹಾಕಿದರೆ ನೇರ ದಾರಿಯಲ್ಲಿ ಎಲ್ಲ ಅಳತೆಯೂ ಸರಿಬಂದು, ತಿರುವಿನಲ್ಲಿ ಮಾತ್ರ ಟೈರು ಉಜ್ಜುತ್ತದೆ. ಗಣಿಯ ದಾರಿಗಳಲ್ಲಿ ತಿರುವೇ ಹೆಚ್ಚು.

ಟೋ ಮತ್ತು ಹಿಂದಿನ ಆಕ್ಸಲ್

ಟೋ, ಅಂದರೆ ಚಕ್ರಗಳ ಮುಂತುದಿ–ಹಿಂತುದಿಗಳ ಅಂತರದ ವ್ಯತ್ಯಾಸವನ್ನು ಕೊನೆಗೆ ಹೊಂದಿಸಬೇಕು. ಸುಮಾರು 1 ಮೀಟರ್ ವ್ಯಾಸದ ಟೈರುಗಳಲ್ಲಿ ಒಟ್ಟು 10 ಮಿ.ಮೀ. ತಪ್ಪಿದ್ದರೆ ಪ್ರತಿ ಚಕ್ರವೂ ಕಿಲೋಮೀಟರಿಗೆ ಸುಮಾರು 5 ಮೀಟರ್ ಅಡ್ಡಕ್ಕೆ ಉಜ್ಜಿದಂತೆ. ಇಷ್ಟಾದರೂ ಎಳೆತ ನಿಲ್ಲದಿದ್ದರೆ ಹಿಂದಿನ ಜೋಡಿ ಆಕ್ಸಲ್ ಮುಂದಿನದಕ್ಕೆ ಸಮಾನಾಂತರವಿದೆಯೇ ಎಂದು ಎರಡೂ ಬದಿಯಲ್ಲಿ ಟೇಪು ಹಿಡಿದು ನೋಡಬೇಕು. ಸ್ಪ್ರಿಂಗಿನ ಸೆಂಟರ್ ಬೋಲ್ಟಿನ ತಲೆ ಪೀಠದ ತೂತಿನಲ್ಲಿ ಕೂರದೆ ಆಕ್ಸಲ್ ಓರೆಯಾಗಿರುವುದೂ ಉಂಟು. ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟುಗಳು ಮೊದಲ ಲೋಡಿನಲ್ಲಿ ಸಡಿಲಗೊಳ್ಳುತ್ತವೆ. ಮೊದಲ ಟ್ರಿಪ್ ಮುಗಿಸಿ ಬಂದ ಗಾಡಿಯಲ್ಲಿ ಅವನ್ನು ಮತ್ತೆ ಬಿಗಿದು, ಮೂರು ಎತ್ತರಗಳನ್ನೂ ಟೋವನ್ನೂ ಇನ್ನೊಮ್ಮೆ ಅಳೆಯಬೇಕು.