ಹದಿನಾಲ್ಕು ಚದರ ಮೀಟರು

ಮೊನ್ನೆ ತಿಪಟೂರಿಗೆ ಹೋದಾಗ ಬಿ.ಎಚ್. ರಸ್ತೆಯಲ್ಲಿ ಮಾವನ ಹಳೇ ಅಂಗಡಿಯ ಮುಂದೆ ಸುಮ್ಮನೆ ನಿಂತಿದ್ದೆ. ಈಗ ಅದು ಮೊಬೈಲ್ ಅಂಗಡಿ. 1975ರಲ್ಲಿ ಬಾಡಿಗೆಗೆ ಹಿಡಿದು ಮೂವತ್ತು ವರ್ಷ ಮಾವ ಅಲ್ಲಿ ಗೋಣಿಚೀಲ, ಹುರಿ, ಹಗ್ಗ ಮಾರಿದರು. ಕೊಬ್ಬರಿ ತರುವ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ರೈತರೇ ಗಿರಾಕಿಗಳು.

2002ರಲ್ಲಿ ಮಾವ ಒಂದು ದಿನ ಪೇಡಾ ಹಂಚಿದ್ದರು. "ಕೇಸು ಬಿತ್ತು ಕಣೋ, ಗೆದ್ದೆ!" ಅದು ಗೆಲುವಲ್ಲ ಅಂತ ಆಮೇಲೆ ಗೊತ್ತಾಯಿತು. ಆ ಕಥೆ ಅರ್ಥವಾಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಹಳೇ ಮೈಸೂರಿನಲ್ಲಿ 1951ರಲ್ಲೇ ಬಾಡಿಗೆ ನಿಯಂತ್ರಣ ಕಾಯಿದೆ ಇತ್ತು. ಏಕೀಕರಣದ ನಂತರ ಇಡೀ ರಾಜ್ಯಕ್ಕೆ 1961ರ ಕಾಯಿದೆ ಬಂತು. ಅದು ಮನೆಗಳಿಗಷ್ಟೇ ಅಲ್ಲ, ಅಂಗಡಿಗಳಿಗೂ ಅನ್ವಯಿಸುತ್ತಿತ್ತು. ಬಾಡಿಗೆದಾರನನ್ನು ಎಬ್ಬಿಸಬೇಕಾದರೆ 21ನೇ ಕಲಮಿನ ಕಾರಣಗಳಲ್ಲೊಂದನ್ನು ಮಾಲೀಕ ರುಜುವಾತು ಮಾಡಬೇಕು. ಸ್ವಂತಕ್ಕೆ ಬೇಕು ಅಂದರೂ ಯಾರಿಗೆ ಹೆಚ್ಚು ಕಷ್ಟ ಅಂತ ಕೋರ್ಟು ತೂಗಿ ನೋಡಬೇಕಿತ್ತು. ಮಾಲೀಕರ ಸಂಕಟವೂ ಸುಳ್ಳಲ್ಲ ಬಿಡಿ. ಮಾವ ಕೊಡುತ್ತಿದ್ದದ್ದು ತಿಂಗಳಿಗೆ 450 ರೂಪಾಯಿ!

ಆಮೇಲೆ ಬಂದದ್ದು 1999ರ ಕರ್ನಾಟಕ ಬಾಡಿಗೆ ಕಾಯಿದೆ. ಜಾರಿಯಾದದ್ದು 2001ರ ಡಿಸೆಂಬರ್ 31ಕ್ಕೆ. ಅದರಲ್ಲಿ ವ್ಯಾಪಾರದ ಜಾಗಕ್ಕೆ ಸಿಕ್ಕ ರಕ್ಷಣೆ 14 ಚದರ ಮೀಟರ್ ಮೀರದ ಅಂಗಡಿಗೆ ಮಾತ್ರ. ಅಂದರೆ ಸುಮಾರು 150 ಚದರ ಅಡಿ. ಬೀಡಾ ಅಂಗಡಿಗೆ ಸರಿ, ಗೋಣಿಚೀಲದ ಬೇಲು ಇಡೋದೆಲ್ಲಿ? ಮಾವನದು ಇಪ್ಪತ್ತಕ್ಕೆ ಹದಿನೈದು ಅಡಿ. ಹೊಸ ಕಾಯಿದೆಯ ಹೊರಗಿನ ಜಾಗಗಳ ಮೇಲಿದ್ದ ಹಳೇ ಕೇಸುಗಳೆಲ್ಲ ತಾವಾಗಿಯೇ ರದ್ದು ಅಂತ 70ನೇ ಕಲಮು ಹೇಳಿತು. ಮಾವ ಪೇಡಾ ಹಂಚಿದ್ದು ಇದಕ್ಕೆ.

ಎರಡೇ ತಿಂಗಳಲ್ಲಿ ಮಾಲೀಕರ ಲಾಯರಿಂದ ನೋಟೀಸು ಬಂತು. ಈಗ ಉಳಿದದ್ದು 1882ರ ಸ್ವತ್ತು ವರ್ಗಾವಣೆ ಕಾಯಿದೆ ಮಾತ್ರ. ಅದರ 106ನೇ ಕಲಮಿನಂತೆ ತಿಂಗಳ ಬಾಡಿಗೆಯ ಅಂಗಡಿಗೆ ಹದಿನೈದು ದಿನದ ನೋಟೀಸು ಸಾಕು, ಕಾರಣ ಹೇಳಬೇಕಿಲ್ಲ. ಆ ಹದಿನೈದು ದಿನ ಬಾಡಿಗೆ ತಿಂಗಳ ಕೊನೆಗೇ ಮುಗಿಯಬೇಕು ಅನ್ನೋ ನಿಯಮವೊಂದಿತ್ತು. ನೋಟೀಸು ಒಂದು ದಿನ ತಪ್ಪಿದೆ ಅಂತ ನಮ್ಮ ಲಾಯರಿಗೆ ಭಾರೀ ಖುಷಿ. ಆದರೆ 2002ರ ಡಿಸೆಂಬರ್ 31ರಿಂದ ಆ ಕಲಮೇ ತಿದ್ದುಪಡಿಯಾಯಿತು. ದಿನದ ಲೆಕ್ಕ ತಪ್ಪಿದ್ದಷ್ಟಕ್ಕೇ ನೋಟೀಸು ಬೀಳುವುದಿಲ್ಲ, ನಡೆಯುತ್ತಿರುವ ದಾವೆಗಳಿಗೂ ಇದೇ. ಡಿಸೆಂಬರ್ 31 ಅಂದರೆ ಮಾವ ಈಗಲೂ ಮುಖ ಗಂಟಿಕ್ಕುತ್ತಾರೆ :)

ಇಂಗ್ಲೆಂಡಿನಲ್ಲಿ 1954ರ ಕಾಯಿದೆಯ ಪ್ರಕಾರ ಅವಧಿ ಮುಗಿದರೂ ವ್ಯಾಪಾರಿ ಹೊಸ ಕರಾರು ಕೇಳಿ ಕೋರ್ಟಿಗೆ ಹೋಗಬಹುದು. ಮಾಲೀಕ ಸ್ವಂತಕ್ಕೆ ಬೇಕೆಂದು ಬಿಡಿಸಿದರೆ ಪರಿಹಾರ ಕೊಡಬೇಕು. ಗಿರಾಕಿ ಹುಡುಕಿ ಬರೋದು ಜಾಗಕ್ಕೆ, ಆ ಜಾಗಕ್ಕೆ ಬೆಲೆ ತಂದವನು ವ್ಯಾಪಾರಿ ಅನ್ನೋ ಲೆಕ್ಕ. ನಮ್ಮಲ್ಲಿ ಹನ್ನೊಂದು ತಿಂಗಳ ಕರಾರೇ ಗತಿ, ವರ್ಷ ಮೀರಿದರೆ ನೋಂದಣಿ ಆಗಬೇಕಲ್ಲ. ನಮ್ಮ ಕಡೆ ಅಟ್ಟದ ಮೇಲಿನ ಕಾಯಿ ಉಂಡೆ ಕೊಬ್ಬರಿ ಆಗೋಕೂ ಹೆಚ್ಚುಕಮ್ಮಿ ಅಷ್ಟೇ ಕಾಲ ಬೇಕು.

ಮಾವ 2005ರಲ್ಲಿ ಖಾಲಿ ಮಾಡಿದರು. ಆಮೇಲೂ ಎರಡು ಮೂರು ವರ್ಷ ತುರುವೇಕೆರೆ ಕಡೆಯ ರೈತರು ಅದೇ ಮೆಟ್ಟಿಲು ಹತ್ತಿ, "ಯಜಮಾನ್ರು ಇಲ್ವಾ? ಚೀಲ ಬೇಕಿತ್ತು" ಅಂತ ಕೇಳುತ್ತಿದ್ದರಂತೆ.